ಸೊಪ್ಪು ಬೇಡವಾದ ಮೇಲೆ ಬೆಟ್ಟ

ಕಾಡಿನ ಮಾತು ಬಂದಾಗಲೆಲ್ಲ ಹಳ್ಳಿಯವನಿಗೆ ಎರಡೇ ವೇಷ ಸಿಗುತ್ತವೆ. ಒಂದೋ ಅವನು ಕೊಡಲಿ ಹಿಡಿದ ಕಳ್ಳ, ಇಲ್ಲವೇ ಮರವನ್ನೇ ದೇವರೆಂದು ಕೈಮುಗಿಯುವ ಮುಗ್ಧ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಸೊಪ್ಪಿನ ಬೆಟ್ಟಗಳನ್ನು ಹತ್ತಿರದಿಂದ ಬಲ್ಲವರಿಗೆ ಈ ಎರಡೂ ವೇಷ ಒಪ್ಪುವುದಿಲ್ಲ. ಅಡಿಕೆ ತೋಟದ ಮೇಲ್ಬದಿಗೆ ಹಬ್ಬಿಕೊಂಡಿರುವ ಆ ಬೆಟ್ಟಗಳನ್ನು ಊರಿನವರು ತಲೆಮಾರುಗಳಿಂದ ಕಡಿಯುತ್ತ ಬಂದಿದ್ದಾರೆ, ಕಡಿಯುತ್ತಲೇ ಉಳಿಸಿಕೊಂಡೂ ಬಂದಿದ್ದಾರೆ. ಕಡಿಯುವ ಕೈಯೂ ಕಾಯುವ ಕಣ್ಣೂ ಒಂದೇ ಊರಿನವಾಗಿದ್ದವು. ಈಗ ಕಡಿಯುವ ಅಗತ್ಯ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಇನ್ನಾದರೂ ಬೆಟ್ಟ ತನ್ನಷ್ಟಕ್ಕೆ ಕಾಡಾಗುತ್ತದೆ ಎಂದು ನೆಮ್ಮದಿ ಪಡುವವರಿದ್ದಾರೆ. ನನಗೆ ಆ ನೆಮ್ಮದಿ ಇಲ್ಲ. ಊರಿಗೆ ಬೇಡವಾದ ಬೆಟ್ಟ ಕಾಡಾಗುವ ಮೊದಲೇ ಬೇರೆ ಯಾರಿಗೋ ಬೇಕಾಗುತ್ತದೆ ಎಂಬುದು ನನ್ನ ಭಯ, ಈ ಲೇಖನದ ವಾದವೂ ಅದೇ.

ಘಟ್ಟದ ಮೇಲಿನ ಹಳೆಯ ಅಡಿಕೆ ತೋಟಗಳೆಲ್ಲ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆದು ಹಳ್ಳಕ್ಕೆ ಒಯ್ಯುತ್ತದೆ. ಹೋದ ಸಾರವನ್ನು ಪ್ರತಿವರ್ಷ ತೋಟಕ್ಕೆ ತಿರುಗಿ ತುಂಬಲೇಬೇಕು. ಆ ಸಾರ ಬರುತ್ತಿದ್ದುದು ಬೆಟ್ಟದಿಂದ: ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಉದುರಿದ ದರಕು, ಪಕ್ಕದ ಹುಲ್ಲುಗಾವಲಾದ ಬ್ಯಾಣದಿಂದ ಕರಡ, ಅಂದರೆ ಒಣಹುಲ್ಲು. ಸೊಪ್ಪು ಮೊದಲು ಕೊಟ್ಟಿಗೆಗೆ ಹೋಗುತ್ತಿತ್ತು. ದನಗಳ ಕಾಲಡಿ ಹಾಸಿದ ಸೊಪ್ಪು ತುಳಿತಕ್ಕೆ ಸಿಕ್ಕಿ, ಸಗಣಿ ಗಂಜಳ ಬೆರೆತು, ಗೊಬ್ಬರಗುಂಡಿಯಲ್ಲಿ ಕೊಳೆತು, ಆಮೇಲೆ ಬುಟ್ಟಿಯಲ್ಲಿ ಅಡಿಕೆ ಮರದ ಬುಡಕ್ಕೆ ಬರುತ್ತಿತ್ತು. ಬೆಟ್ಟ, ಕೊಟ್ಟಿಗೆ, ತೋಟ ಈ ಮೂರರಲ್ಲಿ ಒಂದು ಸೊರಗಿದರೂ ಉಳಿದೆರಡು ಸೊರಗುತ್ತಿದ್ದವು. ಬ್ರಿಟಿಷ್ ಆಡಳಿತ ಈ ನಂಟನ್ನು ಗುರುತಿಸಿ ಬರಹಕ್ಕೆ ಇಳಿಸಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು, ದರಕು, ಹುಲ್ಲು, ಒಣಸೌದೆಯ ಸವಲತ್ತು ತೋಟದವನದು. ಆತ ಅದನ್ನು ಉಳುವಂತಿಲ್ಲ, ಮಾರುವಂತಿಲ್ಲ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಕೂಡ ಹತ್ತಿರದ ಸಂಬಂಧಿಗಳೇ, ನಿಯಮಗಳು ಮಾತ್ರ ಬೇರೆ.

ಸೊಪ್ಪು ಕಡಿಯುವುದನ್ನು ನೋಡದವರು ಅದನ್ನು ಮರ ಬೋಳಿಸುವ ಕೆಲಸ ಎಂದುಕೊಳ್ಳುತ್ತಾರೆ. ಮತ್ತಿಯನ್ನೋ ಹೊನಗಲನ್ನೋ ಹತ್ತಿದ ನುರಿತ ಆಳು ಮೊದಲು ನೋಡುವುದು ತಾನು ಬಿಡಬೇಕಾದ್ದನ್ನು. ತುದಿಯ ಕುಡಿಗೆ ಕತ್ತಿ ತಾಗಬಾರದು. ಪಕ್ಕದ ಟೊಂಗೆಯನ್ನು ಕಾಂಡಕ್ಕೆ ಸಮನಾಗಿ ಸವರದೆ ಗೇಣುದ್ದ ಮೋಟು ಉಳಿಸಿ ಕಡಿಯಬೇಕು. ಹೊಸ ಚಿಗುರು ಒಡೆಯುವುದು ಆ ಮೋಟಿನಿಂದ. ಕಾಂಡಕ್ಕೇ ಪೆಟ್ಟು ಬಿದ್ದರೆ ಗಾಯದೊಳಗೆ ಮಳೆನೀರು ಇಳಿದು ಮರ ಟೊಳ್ಳಾಗುತ್ತದೆ. ಈ ವರ್ಷ ಕಡಿದ ಮರಕ್ಕೆ ಬರುವ ವರ್ಷ ಬಿಡುವು. ಹಲಸು, ಮಾವು, ಮುರುಗಲು, ಉಪ್ಪಾಗೆಯ ತಂಟೆಗೆ ಹೋಗುವುದಿಲ್ಲ. ಹೀಗೆ ದಶಕಗಟ್ಟಲೆ ಕಡಿಸಿಕೊಂಡ ಮರ ನೋಡಲು ಚೆಂದ ಇರುವುದಿಲ್ಲ. ಕಾಂಡದ ತುಂಬ ಗಂಟು, ಗಂಟಿಗೊಂದು ಗೊಂಚಲು ಎಳೆಕೊಂಬೆ. ನಾಟದ ಲೆಕ್ಕ ಹಾಕುವವರಿಗೆ ಅದು ಕೆಟ್ಟ ಮರ. ತೋಟದವನಿಗೆ ಅದು ತಾತನ ಕಾಲದಿಂದ ಸೊಪ್ಪು ಕೊಡುತ್ತ ಇನ್ನೂ ನಿಂತಿರುವ ಮರ. ಯಾರ ಅಳತೆಗೋಲು ಸರಿ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಸೊಪ್ಪಿನಷ್ಟೇ ದೊಡ್ಡದು ನೀರಿನ ಲೆಕ್ಕ. ಮರವಿದ್ದ ಬೆಟ್ಟದ ಮೈಯೊಳಗೆ ಇಳಿದ ಮಳೆ ತಿಂಗಳುಗಳ ಮೇಲೆ ಕೆಳಗಿನ ಸಂದಿನಲ್ಲಿ ಒರತೆಯಾಗಿ ಹೊರಬರುತ್ತದೆ. ಅದನ್ನು ಸೀಳಿದ ಅಡಿಕೆ ದಬ್ಬೆಯಲ್ಲಿ ಹರಿಸಿ ಅಂಗಳದ ಮರಿಗೆಗೆ ಬೀಳಿಸಿದರೆ ಅದೇ ಅಬ್ಬಿ ನೀರು. ಹಗಲು ರಾತ್ರಿ ಬೀಳುವ ಆ ನೀರಿಗೆ ಕರೆಂಟೂ ಬೇಡ, ಬಿಲ್ಲೂ ಇಲ್ಲ. ಮಿಕ್ಕದ್ದು ತೋಟಕ್ಕೆ ಇಳಿಯುತ್ತದೆ. ಬೆಟ್ಟ ಬೋಳಾದ ಊರಿನಲ್ಲಿ ಅಬ್ಬಿ ಬೇಸಿಗೆಗೆ ಮೊದಲೇ ಸಣ್ಣಗಾಗುವುದನ್ನು ಹೆಂಗಸರು ಎಲ್ಲರಿಗಿಂತ ಮುಂಚೆ ಗಮನಿಸುತ್ತಾರೆ, ಕೊಡ ತುಂಬುವ ಹೊತ್ತು ಅವರಿಗೆ ಗೊತ್ತಿರುತ್ತದೆ. ಬೆಟ್ಟ ಕೆಟ್ಟರೆ ಕೆಟ್ಟ ಸುದ್ದಿ ವರದಿಗಳಿಗಾಗಿ ಕಾಯದೆ ನೇರ ಅಡುಗೆಮನೆಗೆ ಬರುತ್ತಿತ್ತು. ಇಲ್ಲಿನ ಕಾವಲು ನಡೆದದ್ದೇ ಈ ಬಲದಿಂದ.

ಈ ಕಾವಲಿಗೆ ಭಕ್ತಿಯ ಬಣ್ಣವೂ ಇತ್ತು, ನಿಜ. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಕರಾವಳಿಯ ಕಾಡುಗಳು ಆಯಾ ಊರ ದೇವರ ಸೊತ್ತೆಂದೂ ಪೂಜಾರಿಯ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನ ನಂಬಿದ್ದನ್ನು ಬರೆದಿಟ್ಟಿದ್ದಾನೆ. ಸರ್ಕಾರ ಕಾಡಿನ ಮೇಲೆ ಹಕ್ಕು ಹೂಡದಂತೆ ಮಾಡಿದ ಉಪಾಯ ಇದು ಎಂದು ಅವನಿಗೆ ಗುಮಾನಿ. ಗುಮಾನಿಯಲ್ಲಿ ಸತ್ಯಾಂಶ ಇದ್ದೀತು. ಆದರೆ ಅವನು ಅದನ್ನು ಕುಯುಕ್ತಿಯಾಗಿ ಮಾತ್ರ ಕಂಡ. ಊರಿನವರೆಲ್ಲ ಒಪ್ಪಿ ನಡೆಯುವ ಒಂದು ಕಟ್ಟಳೆ ನಿಲ್ಲಬೇಕಾದರೆ ಊರಿನ ಯಾವ ಗೌಡನಿಗೂ ಸೇರದ ಒಡೆಯನೊಬ್ಬ ಬೇಕಾಗುತ್ತಾನೆ. ದೇವರು ಆ ಜಾಗದಲ್ಲಿ ಕೂತಿದ್ದ. ಸೊರಬ, ಸಿದ್ದಾಪುರದ ಕಾನುಗಳು, ಅಂದರೆ ಕಾಳುಮೆಣಸು, ಬೈನೆ ಮರಗಳನ್ನು ಒಡಲಲ್ಲಿಟ್ಟುಕೊಂಡ ನಿತ್ಯಹಸಿರಿನ ತುಣುಕುಗಳು, ಉಳಿದದ್ದು ಇದೇ ಬಗೆಯಲ್ಲಿ. ದೇವರೂ ಇದ್ದ, ಮೆಣಸೂ ಇತ್ತು. ಎರಡರಲ್ಲಿ ಒಂದನ್ನು ಮಾತ್ರ ಹೇಳುವವರು ಅರ್ಧ ಕತೆ ಹೇಳುತ್ತಾರೆ.

ಎಲ್ಲ ಬೆಟ್ಟಗಳೂ ಚೆನ್ನಾಗಿದ್ದವೆಂದು ನಾನು ಹೇಳಲಾರೆ. ಪೇಟೆಗೆ ಹತ್ತಿರದವು, ಹತ್ತಾರು ಮನೆಗಳಿಗೆ ಗಡಿ ಗುರುತಿಲ್ಲದೆ ಹಂಚಿಹೋದವು ಎಷ್ಟೋ ಕಡೆ ಮೋಟು ಮರಗಳ ಕಲ್ಲುಗುಡ್ಡೆಗಳಾಗಿವೆ. ಇಂಥವನ್ನು ತೋರಿಸಿ, ಎಲ್ಲರ ಸೊತ್ತು ಹಾಳಾಗುವುದೇ ಸಹಜ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಅಮೆರಿಕದ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಸಿದ್ಧ ಲೇಖನದ ಸಾರವೂ ಅದೇ ಆಗಿತ್ತು. ಒಂದೋ ಖಾಸಗಿಯವರಿಗೆ ಕೊಡಿ, ಇಲ್ಲವೇ ಸರ್ಕಾರ ಕಾಯಲಿ. ಆದರೆ ನಿಯಮ ಮಾಡಿಕೊಂಡು ಸಮುದಾಯಗಳೇ ಕಾದುಕೊಂಡ ಉದಾಹರಣೆಗಳನ್ನು ಜಗತ್ತಿನ ಹಲವೆಡೆಯಿಂದ ಕಲೆಹಾಕಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕುಮಟಾದ ಮಗ್ಗುಲಿನ ಹಳಕಾರದಲ್ಲಿ ಬ್ರಿಟಿಷರ ಕಾಲದಲ್ಲಿ ಹುಟ್ಟಿದ ಗ್ರಾಮ ಅರಣ್ಯ ಪಂಚಾಯತಿ ತನ್ನದೇ ಕಾವಲುಗಾರನನ್ನಿಟ್ಟು, ಸದಸ್ಯರಿಗೆ ನಿಯಮ ಹಾಕಿ ಕಾಡು ಉಳಿಸಿಕೊಂಡಿತು. ಸರ್ಕಾರ ಇಂಥ ಪಂಚಾಯತಿಗಳನ್ನು ಮುಚ್ಚಲು ಹೊರಟಾಗ ಹೆಚ್ಚಿನ ಊರುಗಳು ಸುಮ್ಮನಾದವು. ಹಳಕಾರದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತಮಗೆ ಬೇಕಾದ ಕಾಡನ್ನು ಬಿಟ್ಟುಕೊಡಲು ಅವರು ತಯಾರಿರಲಿಲ್ಲ, ಅಷ್ಟೆ.

ದೂರದಿಂದ ಬಂದ ಅಗತ್ಯ ಕಾಡಿಗೆ ಏನು ಮಾಡುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಬಿದಿರೇ ಸಾಕ್ಷಿ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಬಿದಿರು ಕಡಿತ ಭರದಿಂದ ನಡೆಯಿತು. ಬಿದಿರು ಕ್ಷೀಣಿಸಿದಾಗ ಬೆರಳು ತಿರುಗಿದ್ದು ಊರಿನ ದನ ಮತ್ತು ಬುಟ್ಟಿ ಹೆಣೆಯುವವರ ಕಡೆಗೆ. 1970ರ ದಶಕದಲ್ಲಿ ಅಧ್ಯಯನಕ್ಕೆ ಬಂದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ತಂಡ ಬೇರೆಯದನ್ನೇ ಕಂಡಿತು. ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳಿನ ಪೊದೆಯನ್ನು ಸವರಿದರೆ ಬಿದಿರು ಚೆನ್ನಾಗಿ ಬರುತ್ತದೆಂದು ಅರಣ್ಯಶಾಸ್ತ್ರ ಹೇಳುತ್ತಿತ್ತು, ಹಾಗೇ ಸವರಿಸುತ್ತಿದ್ದರು. ಮುಳ್ಳು ಹೋದದ್ದೇ ತಡ, ನೆಲದಿಂದ ಎದ್ದ ಎಳೆ ಕಳಲೆಗೆ ದನ, ಕಾಡುಪ್ರಾಣಿ ಎಲ್ಲಕ್ಕೂ ದಾರಿ ಸಿಕ್ಕಿತು. ಹಳ್ಳಿಯವರು ಮೊದಲಿನಿಂದಲೂ ಮುಳ್ಳನ್ನು ಬಿಟ್ಟು, ಬೇಕಾದ ಗಳವನ್ನಷ್ಟೇ ಮೇಲಿನಿಂದ ಕಡಿಯುತ್ತಿದ್ದರು. ಅವರು ವಿಜ್ಞಾನಿಗಳಲ್ಲ. ಬರುವ ವರ್ಷವೂ ಅದೇ ಮೆಳೆಗೆ ಬರಬೇಕಾದವರು. ಒಂದು ಕಾಡು ಮುಗಿದರೆ ಇನ್ನೊಂದು ಕಾಡಿಗೆ, ಇನ್ನೊಂದು ಜಿಲ್ಲೆಗೆ ಹೋಗಬಹುದಾದ ಗುತ್ತಿಗೆಗೆ ಆ ನಿರ್ಬಂಧ ಇರಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಗುತ್ತಿಗೆಯ ಕಡಿತ ತಡೆಯಲು ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಅವರ ಮನಸ್ಸಿನಲ್ಲಿದ್ದದ್ದೂ ಇದೇ ತಿಳಿವಳಿಕೆ. ಅಪ್ಪಿಕೋ ಚಳವಳಿಯನ್ನು ಮರದ ಮೇಲಿನ ಮಮತೆಯಾಗಿ ಮಾತ್ರ ನೆನೆಯುವುದು ಅದನ್ನು ಕಿರಿದು ಮಾಡಿದಂತೆ. ತಮ್ಮ ತೋಟದ ನೀರು, ಸೊಪ್ಪು, ಜೇನು ಲಾರಿ ಹತ್ತಿ ಹೋಗುತ್ತಿವೆ ಎಂದು ಲೆಕ್ಕ ಹಾಕಿದವರ ಚಳವಳಿ ಅದು.

ಹಾಗೆಂದು ಹತ್ತಿರದವನ ಅಗತ್ಯ ಯಾವಾಗಲೂ ಕಾಡನ್ನು ಕಾಯುತ್ತದೆ ಎನ್ನಲಾಗದು. ಉಪ್ಪಾಗೆಯ ಕತೆ ನೋಡಿ. ಮೀನುಸಾರಿಗೆ ಹುಳಿಯಾಗಿ, ಬೀಜದ ತುಪ್ಪಕ್ಕಾಗಿ ಬಳಕೆಯಲ್ಲಿದ್ದ ಈ ಹಣ್ಣಿನ ಸಿಪ್ಪೆಗೆ ಬೊಜ್ಜು ಕರಗಿಸುವ ಔಷಧದ ಹೆಸರಿನಲ್ಲಿ 1990ರ ದಶಕದಲ್ಲಿ ಹೊರದೇಶದ ಬೇಡಿಕೆ ಬಂತು, ದರ ಏರಿತು. ಅರಣ್ಯದಲ್ಲಿರುವ ಉಪ್ಪಾಗೆ ಮೊದಲು ಹೋದವನಿಗೆ. ಹಣ್ಣಾಗುವವರೆಗೆ ಕಾಯುವವನು ದಡ್ಡನಾದ. ಕಾಯಿ ಇರುವಾಗಲೇ ಕೊಯ್ದರು, ಹತ್ತಲಾಗದ ಕಡೆ ಟೊಂಗೆಯನ್ನೇ ಕಡಿದು ಬೀಳಿಸಿದರು. ಮಳೆಗಾಲದ ಹಣ್ಣಾದ್ದರಿಂದ ಸಿಪ್ಪೆ ಒಣಗಿಸಲು ಮತ್ತೆ ಕಾಡಿನದೇ ಸೌದೆ. ಹೊಳೆದಂಡೆಯ ಅಪ್ಪೆಮಿಡಿ ಮಾವಿಗೂ ಇದೇ ಗತಿ ಬಂತು. ಕಡಿದವರು ಅದೇ ಊರಿನವರು, ಮರದ ಗುಣ ಬಲ್ಲವರು. ಗೊತ್ತಿದ್ದೂ ಕಡಿದದ್ದೇಕೆ ಎಂದರೆ, ಆ ಮರ ಬರುವ ವರ್ಷ ತನಗೆ ಸಿಗುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ತನ್ನ ಸವಲತ್ತಿನ ಬೆಟ್ಟದಲ್ಲಿ ಉಪ್ಪಾಗೆ ಇರುವವನಿಗೆ ಆ ಭರವಸೆ ಇದೆ, ಹಣ್ಣು ಬೀಳುವವರೆಗೆ ಕಾಯುತ್ತಾನೆ. ಅಗತ್ಯ ಇರಬೇಕು, ನಾಳೆಯೂ ತನಗೇ ಸಿಗುವುದೆಂಬ ಭರವಸೆಯೂ ಇರಬೇಕು. ಎರಡರಲ್ಲಿ ಒಂದು ತಪ್ಪಿದರೆ ಕತ್ತಿ ಬೇರೆ ರೀತಿ ಆಡುತ್ತದೆ.

ಬೆಟ್ಟದಲ್ಲಿ ಭರವಸೆ ಇನ್ನೂ ಕಾಗದದ ಮೇಲಿದೆ, ಅಗತ್ಯ ಹೋಗುತ್ತಿದೆ. ಕೊಟ್ಟಿಗೆಯಲ್ಲಿ ಹತ್ತು ದನ ಇದ್ದಲ್ಲಿ ಒಂದೋ ಎರಡೋ ಉಳಿದಿವೆ, ಎಷ್ಟೋ ಮನೆಗಳಿಗೆ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಸೊಪ್ಪು ಕಡಿಯುವ ಆಳು ಸಿಗುವುದಿಲ್ಲ, ಸಿಕ್ಕರೂ ಆ ಕೂಲಿಗೆ ಗೊಬ್ಬರದ ಚೀಲವೇ ಅಗ್ಗ. ಒಲೆಗೆ ಗ್ಯಾಸು ಬಂದಿದೆ; ಹೊಗೆ ಕುಡಿದು ಬಾಳಿದ ಹೆಂಗಸರಿಗೆ ಅದೊಂದು ಬಿಡುಗಡೆ, ಅದನ್ನು ಹಳಹಳಿಸುವ ಹಕ್ಕು ಯಾರಿಗೂ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬೆಟ್ಟದ ಗಡಿಯಲ್ಲಿ ಓಡಾಡುವ ಕಾಲುಗಳೇ ಇಲ್ಲದಂತಾಗಿದೆ. ಇಷ್ಟರಲ್ಲಿ ಅಡಿಕೆಗೆ ದರ ಬಂತು. ನೀರು ಬೀಳುವ ತಗ್ಗಿನಲ್ಲಿ ಮಾತ್ರ ಇದ್ದ ತೋಟ ಕೊಳವೆಬಾವಿ, ಹನಿ ನೀರಾವರಿಯ ಬಲದಿಂದ ಗದ್ದೆಗೆ ಇಳಿಯಿತು, ಗದ್ದೆ ಮುಗಿದ ಕಡೆ ಬೆಟ್ಟದ ಮೇಲೆ ಹತ್ತುತ್ತಿದೆ. ಹಳೆಯ ತೋಟಕ್ಕೆ ಹೊಸಮಣ್ಣು ಹಾಕಲು ಗುದ್ದಲಿಯಿಂದ ಧರೆ ಕಡಿಯುತ್ತಿದ್ದ ಕಡೆ ಜೆಸಿಬಿ ಒಂದೇ ದಿನದಲ್ಲಿ ಬೆಟ್ಟದ ಬುಡವನ್ನೇ ಬಗೆದಿಡುತ್ತದೆ. ತೋಟಕ್ಕಾಗಿ ಬೆಟ್ಟ ಇದ್ದದ್ದು ತಿರುಗಿ, ಬೆಟ್ಟವೇ ಮುಂದಿನ ತೋಟವಾಗಿ ಕಾಣುತ್ತಿದೆ. ಬೋಳುಬಿದ್ದ ಬೆಟ್ಟ, ಬ್ಯಾಣಗಳಲ್ಲಿ ಕೆಲವು ದಶಕಗಳ ಹಿಂದೆ ನೆಟ್ಟ ಅಕೇಶಿಯಾ ಬೇಗ ಹಸಿರಾಯಿತು, ಸೌದೆಯೂ ಆಯಿತು. ಆದರೆ ಅದರ ಎಲೆ ದನ ತಿನ್ನುವುದಿಲ್ಲ, ಬೇಗ ಕೊಳೆಯುವುದಿಲ್ಲ. ದೂರದಿಂದ ನೋಡಿದರೆ ಕಾಡು, ಒಳಹೊಕ್ಕರೆ ಊರಿಗೆ ಬೇಕಾದ್ದು ಏನೂ ಇಲ್ಲ. ಇಂಥದನ್ನು ಊರು ಯಾಕೆ ಕಾದೀತು?

ಕಾಡಿನ ನಂಟು ಎಂದರೆ ಬರೀ ಲಾಭವಲ್ಲ ಎನ್ನುವುದನ್ನು ಮಂಗನ ಕಾಯಿಲೆ ಕಲಿಸಿದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಜ್ವರ ಉಣುಗಿನಿಂದ ಬರುತ್ತದೆ. ಕಾಡು ಕಡಿದು ಗದ್ದೆ ಮಾಡಿದ ಅಂಚುಗಳಲ್ಲಿ ಮೇಯುವ ದನಗಳು ಉಣುಗಿನ ಸಂತತಿ ಬೆಳೆಯಲು ನೆರವಾದವೆಂದು 1960ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ಬೋಶೆಲ್ ಎಂಬ ವಿಜ್ಞಾನಿ ವಾದಿಸಿದ್ದ. ಉಣುಗಿನ ಮರಿಗಳು ಹೆಚ್ಚುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ದರಕು ಗುಡಿಸುವುದೂ ಆಗಲೇ. ಕಸಬರಿಗೆ ಹಿಡಿದು ಬಗ್ಗಿದವರಲ್ಲಿ ಹೆಚ್ಚಿನವರು ಕೂಲಿಯ ಹೆಂಗಸರು. ಬಳಕೆಯಲ್ಲಿದ್ದ ಲಸಿಕೆ ಸಾಲದೆಂದು ನಿಂತುಹೋಗಿದೆ, ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ ಎಂಬ ಸಲಹೆಯೇ ಈಗ ಮುಖ್ಯ ಆಸರೆ. ಊರು ಮತ್ತು ಕಾಡು ಒಟ್ಟಿಗೆ ಬಾಳಲಿ ಎಂದು ಸುಲಭವಾಗಿ ಬರೆಯುವ ನಮ್ಮಂಥವರು ಆ ಹೆಂಗಸರ ಜ್ವರಕ್ಕೂ ಉತ್ತರ ಹೇಳಬೇಕು. ಬೆಟ್ಟದಿಂದ ಗೊಬ್ಬರ ಪಡೆದವನು ಒಬ್ಬ, ಉಣುಗು ಕಚ್ಚಿಸಿಕೊಂಡವಳು ಇನ್ನೊಬ್ಬಳು ಎಂದಾದರೆ, ಆ ನಂಟನ್ನು ಹೊಗಳುವ ಮೊದಲು ಬದಲಿಸಬೇಕಾಗುತ್ತದೆ.

ಬೆಟ್ಟದ ಏರ್ಪಾಡಿನ ದೊಡ್ಡ ಕೊರತೆ ಇಲ್ಲೇ ಇದೆ. ಕಾಡು ಸವರಿ ಸುಟ್ಟು ಜಾಗ ಬದಲಿಸುತ್ತ ಕುಮರಿ ಬೇಸಾಯ ಮಾಡುತ್ತಿದ್ದವರನ್ನು ಬ್ರಿಟಿಷ್ ಆಡಳಿತ 19ನೆಯ ಶತಮಾನದಲ್ಲಿ ಕಾಡಿನಿಂದ ಹೊರಗಟ್ಟಿತು. ಕಂದಾಯ ಕೊಡುವ ತೋಟದವರಿಗೆ ಬೆಟ್ಟ ಬಿಟ್ಟಿತು. ತೋಟ ಇಲ್ಲದವನಿಗೆ ಬೆಟ್ಟ ಇಲ್ಲ. ಆದರೆ ಮರ ಹತ್ತಿದವರು, ಹೊರೆ ಹೊತ್ತವರು, ಮೋಟು ಎಷ್ಟು ಉಳಿಸಬೇಕೆಂದು ಕೈಯಲ್ಲೇ ಬಲ್ಲವರು ಬಹಳ ಮಟ್ಟಿಗೆ ಈ ತೋಟವಿಲ್ಲದವರೇ. ಬೆಟ್ಟದ ಬೇಲಿ ಮುರಿದು ಸೌದೆಗೆ ಬರುವವನನ್ನು ಕಳ್ಳ ಎನ್ನುವುದು ಸುಲಭ. ಕಾನೂನಿನ ದಾರಿಯಲ್ಲಿ ಸೌದೆ ಸಿಗುವ ಬಾಗಿಲು ಅವನಿಗೆ ಎಂದೂ ತೆರೆದಿರಲಿಲ್ಲ. ಹೀಗಾಗಿ ಹಳೆಯ ಪದ್ಧತಿಯನ್ನು ಇದ್ದಹಾಗೇ ಮತ್ತೆ ಎಬ್ಬಿಸಿ ನಿಲ್ಲಿಸಬೇಕೆನ್ನುವವರ ಜೊತೆ ನಾನಿಲ್ಲ. ಬೆಟ್ಟವನ್ನು ತೋಟದವರ ಹೆಸರಿಗೇ ಪಟ್ಟಾ ಮಾಡಿಕೊಡಿ ಎಂಬ ಬೇಡಿಕೆಯನ್ನಂತೂ ಒಪ್ಪಲಾರೆ. ಉಳುವಂತಿಲ್ಲ, ಮಾರುವಂತಿಲ್ಲ ಎಂಬ ಎರಡು ಕಟ್ಟುಗಳು ಬಿಚ್ಚಿದ ದಿನವೇ ಬೆಟ್ಟ ಜಮೀನಾಗುತ್ತದೆ, ಜಮೀನಿಗೆ ದಲ್ಲಾಳಿ ಬರುತ್ತಾನೆ. ಇನ್ನೊಂದು ಕಡೆಯಲ್ಲಿ, ಸವಲತ್ತನ್ನೇ ರದ್ದುಮಾಡಿ ಬೇಲಿ ಹಾಕಿ ಎಂಬ ಕಾಡುಪ್ರೇಮಿಗಳ ಸಲಹೆಯೂ ನಡೆಯುವಂಥದಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಸೊಪ್ಪಿನ ಟೊಂಗೆ ಹಿಡಿದು ಬಡಿದು ಆರಿಸಲು ಓಡುವವರು ಊರಿನವರು. ತಮ್ಮದಲ್ಲದ ಬೆಟ್ಟಕ್ಕೆ ಅವರು ಓಡಬೇಕೇಕೆ?

ಕಾನೂನು ತೀರ ಬಡವಾಗಿಯೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ತಲೆಮಾರುಗಳಿಂದ ಕಾಡನ್ನು ಕಾದುಕೊಂಡ ಸಮುದಾಯಕ್ಕೆ ಅದನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನೇ ಕೊಡುತ್ತದೆ, ಗ್ರಾಮಸಭೆಯನ್ನು ಮುಂದಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಕಾಯ್ದೆ ಬಹುಪಾಲು ಒಬ್ಬೊಬ್ಬರ ಅತಿಕ್ರಮಣ ಜಮೀನಿನ ಅರ್ಜಿಯಾಗಿ ಮುಗಿದುಹೋಯಿತು. ಬುಡಕಟ್ಟಿಗೆ ಸೇರದವರು 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕೆಂಬ ನಿಯಮದಿಂದ ಹೆಚ್ಚಿನ ಅರ್ಜಿಗಳು ತಿರಸ್ಕೃತವಾದವು, ಜನ ಕಚೇರಿಯಿಂದ ಕಚೇರಿಗೆ ಅಲೆದರು. ಸಮುದಾಯದ ಹಕ್ಕಿನ ಮಾತು ಆ ಗಲಾಟೆಯಲ್ಲಿ ಕೇಳಿಸಲೇ ಇಲ್ಲ. 2011ರಲ್ಲಿ ಗಾಡ್ಗೀಳ್ ಸಮಿತಿ ಪಶ್ಚಿಮಘಟ್ಟದ ವರದಿ ಕೊಟ್ಟಾಗ ಅದನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂದು ಸಮಿತಿಯೇ ಕೇಳಿತ್ತು. ನಮ್ಮ ಊರುಗಳಿಗೆ ತಲುಪಿದ್ದು ವರದಿಯಲ್ಲ, ಮನೆ ಕಟ್ಟಲು ಬಿಡುವುದಿಲ್ಲವಂತೆ ಎಂಬ ಗಾಳಿಮಾತು. ಓದಲು ಕೊಡದೆ ಹೆದರಿಸಿದವರು ಊರಿಗೂ ಕಾಡಿಗೂ ದ್ರೋಹ ಮಾಡಿದರು.

ಈಗ ಬೇಕಾಗಿರುವುದು ಬೆಟ್ಟದ ಮೇಲೆ ಊರಿಗೆ ಹೊಸ ಅಗತ್ಯ, ಆ ಅಗತ್ಯಕ್ಕೆ ಹೊಸ ಭರವಸೆ. ಸೊಪ್ಪಿನ ಜಾಗಕ್ಕೆ ಬರಬಲ್ಲವು ಬೆಟ್ಟದಲ್ಲೇ ಇವೆ: ಉಪ್ಪಾಗೆ, ಮುರುಗಲು, ಅಪ್ಪೆಮಿಡಿ, ದಾಲ್ಚಿನ್ನಿ, ಕಾಡುಮೆಣಸು, ಜೇನು. ಒಳ್ಳೆಯ ಅಪ್ಪೆಮಿಡಿಯ ಕುಡಿ ತಂದು ಕಸಿ ಕಟ್ಟುವ, ಬೆಟ್ಟದಂಚಿನಲ್ಲಿ ಮುರುಗಲು ನೆಡುವ ರೈತರು ಈಗಾಗಲೇ ಇದ್ದಾರೆ. ರಾಸಾಯನಿಕ ಗೊಬ್ಬರದಿಂದ ಮಣ್ಣು ಗಟ್ಟಿಯಾಯಿತೆಂದು ದರಕಿನ ಕಡೆಗೆ ಹೊರಳಿದವರೂ ಉಂಟು. ಆದರೆ ಒಬ್ಬೊಬ್ಬರ ಉತ್ಸಾಹ ಬೆಟ್ಟದ ಗಡಿ ದಾಟುವುದಿಲ್ಲ. ಸವಲತ್ತಿಗೆ ಷರತ್ತು ಹಾಕಬೇಕು. ಬೆಟ್ಟದಲ್ಲಿ ಮರ ನಿಂತಿದ್ದರೆ, ಬುಡ ಬಗೆಯದಿದ್ದರೆ, ಸಸಿ ಮೇಲೇಳುತ್ತಿದ್ದರೆ ಸವಲತ್ತು ಮುಂದುವರಿಯಲಿ, ಇಲ್ಲದಿದ್ದರೆ ಗ್ರಾಮಸಭೆ ಅದನ್ನು ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಡಲಿ. ತೋಟವಿಲ್ಲದ ಮನೆಗಳಿಗೆ ಹಣ್ಣು, ಜೇನು, ಒಣಸೌದೆಯಲ್ಲಿ ಬರಹದ ಪಾಲು ಸಿಗಲಿ. ಇಂಥ ಮರ ಇಂಥವರದು ಎಂದು ಹತ್ತು ವರ್ಷಕ್ಕೆ ಗೊತ್ತುಮಾಡಿದರೆ ಎಳೆಕಾಯಿ ಕೊಯ್ಯುವ ಪೈಪೋಟಿ ತಾನಾಗಿ ಕುಗ್ಗುತ್ತದೆ. ದರಕಿಗೆ ಹೋಗುವವರ ಚಿಕಿತ್ಸೆಯ ಖರ್ಚು ದರಕಿನ ಗೊಬ್ಬರ ಉಂಡ ತೋಟದ ಲೆಕ್ಕಕ್ಕೆ ಸೇರಲಿ.

ಇದಕ್ಕೆಲ್ಲ ದೊಡ್ಡ ಯೋಜನೆಗಿಂತ ಮೊದಲು ಒಂದು ಸಣ್ಣ ಕೆಲಸ ಆಗಬೇಕು. ಪ್ರತಿ ಊರಿನ ಬೆಟ್ಟದ ಗಡಿಯನ್ನು ಊರಿನವರೂ ಅರಣ್ಯ ಇಲಾಖೆಯವರೂ ಒಟ್ಟಿಗೆ ನಡೆದು ಗುರುತಿಸಬೇಕು. ಯಾರು ಅಲ್ಲಿಂದ ಏನೇನು ತರುತ್ತಾರೆ ಎಂಬುದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಬರೆದುಕೊಳ್ಳಬೇಕು. ಪಹಣಿಯಲ್ಲಿ ಹೆಸರಿರುವ ಯಜಮಾನರು ಆ ಪಟ್ಟಿಯಲ್ಲಿ ಹೇಗೂ ಬರುತ್ತಾರೆ. ಕೊಡ ತುಂಬುವ ಹೊತ್ತಿನಲ್ಲಿ ಅಬ್ಬಿ ಸಣ್ಣಗಾದದ್ದನ್ನು ಮೊದಲು ಕಂಡವರನ್ನೂ ಮರ ಹತ್ತಿದವರನ್ನೂ ದರಕು ಗುಡಿಸಿದವರನ್ನೂ ಸಭೆಗೆ ಕರೆದು, ಅವರ ಹೆಸರನ್ನೂ ಅದರಲ್ಲಿ ಬರೆಸುವ ಕೆಲಸ ಬರುವ ಗ್ರಾಮಸಭೆಯಿಂದಲೇ ಶುರುವಾಗಲಿ.